ಮೂರನೆಯ ಕರೆ

ಜುಲೈ ಕೊನೆಗೆ ಎನಾಕ್ ಪ್ರಾಥರ್ ರಜೆಯ ಮೇಲೆ ಮನೆಗೆ ಬಂದ. ಅರವತ್ತೇಳರ ಮುದುಕ ತನ್ನ ಮನೆಗೇ ರಜೆ ಹಾಕಿ ಬರುವುದು ಆ ಸೀಮೆಯಲ್ಲಿ ಆಗ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರೊಡನೆ ಹೋರಾಡಿ ಸೋತು ನಲವತ್ತಾರು ವರ್ಷವಾಗಿತ್ತು. ಗೆದ್ದ ಸಿಪಾಯಿಗಳಿಗೆ ವಾಷಿಂಗ್ಟನ್ ಪಿಂಚಣಿ ಕೊಡುತ್ತಿತ್ತು. ಸೋತ ದಕ್ಷಿಣದವರನ್ನು ಅವರವರ ರಾಜ್ಯವೇ ಸಾಕಬೇಕು. ಸಾಕುವುದಕ್ಕೆ ಎರಡು ದಾರಿ. ಮನೆಯಲ್ಲೇ ಇದ್ದವರಿಗೆ ವರ್ಷಕ್ಕೊಮ್ಮೆ ಪಿಂಚಣಿ. ಮನೆ ಬಿಟ್ಟವರಿಗೆ ರಾಜಧಾನಿಯ ಯೋಧರ ನಿಲಯದಲ್ಲಿ ಹಾಸಿಗೆ, ಊಟ, ಹಿತ್ತಾಳೆ ಗುಂಡಿಯ ಬೂದು ಕೋಟು. ಎರಡೂ ಒಟ್ಟಿಗಿಲ್ಲ. ಎನಾಕ್ ಎರಡು ವರ್ಷದ ಹಿಂದೆ ಕೋಟನ್ನು ಆರಿಸಿಕೊಂಡಿದ್ದ.

ಅವನ ಹೆಂಡತಿ ಡ್ರೂಸಿಲಾಳಿಗೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ರಾಜ್ಯ ಸಿಪಾಯಿಯನ್ನು ಬಲ್ಲದು, ಸಿಪಾಯಿಯ ವಿಧವೆಯನ್ನು ಬಲ್ಲದು. ನಿಲಯದಲ್ಲಿ ಆರಾಮವಾಗಿ ಬದುಕಿರುವ ಸಿಪಾಯಿಯ ಹೆಂಡತಿ ಎಂಬ ಪ್ರಾಣಿ ಅದರ ಕಣ್ಣಿಗೆ ಬಿದ್ದಿರಲಿಲ್ಲ.

ಅಂದು ಸಂಜೆ ಅವಳು ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿದಳು. ಹಂದಿಯ ಕೊಬ್ಬು ಹಾಕಿ ಬೇಯಿಸಿದ ಅಲಸಂದೆ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ, ಕಬ್ಬಿಣದ ಬಾಣಲೆಯಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ. ಆಮೇಲೆ ಒಲೆಯ ಬಳಿಯಿಂದಲೇ ಕರೆದಳು.

"ಊಟಕ್ಕೆ ಬರ್ರೀ!"

ಎನಾಕ್ ಜಗುಲಿಯ ತೂಗುಕುರ್ಚಿಯಲ್ಲಿದ್ದ. ಬರಲಿಲ್ಲ. ಅವಳಿಗೆ ಬೇಸರವೇನೂ ಆಗಲಿಲ್ಲ. ಮದುವೆಯಾದಂದಿನಿಂದ ಅವನು ಮೊದಲ ಕರೆಗೆ ಎದ್ದವನಲ್ಲ. ಒಲೆಯಿಂದ ಒಂದು ಕರೆ, ಬಾಗಿಲಿನಿಂದ ಇನ್ನೊಂದು, ಜಗುಲಿಗೇ ಹೋಗಿ ಮೂರನೆಯದು; ಮೂರನೆಯದಕ್ಕೆ "ಬಂದೆ ಕಣೇ, ಊರಿಗೆಲ್ಲಾ ಕೇಳಿಸ್ತು" ಎಂದು ಏಳುವುದು ಅವನ ಪದ್ಧತಿ. ಈ ಎರಡು ವರ್ಷ ಅವಳಿಗೆ ತಪ್ಪಿದ್ದು ಏನು ಎಂದು ಯಾರಾದರೂ ಕೇಳಿದ್ದರೆ, ಯಾರೂ ಕೇಳಲಿಲ್ಲ ಅನ್ನಿ, ಆ ಮೂರು ಕರೆ ಎಂದೇ ಹೇಳುತ್ತಿದ್ದಳೋ ಏನೋ.

ಬಾಗಿಲಿನಿಂದ ಕರೆದಳು. ಜಗುಲಿಗೆ ಬಂದು ಕರೆದಳು. ಎನಾಕ್ ಹತ್ತಿಯ ಹೊಲದ ಕಡೆ ನೋಡುತ್ತ ಕೂತೇ ಇದ್ದ.

"ಕಿವಿ ಮಂದ ಆಯ್ತೇನ್ರೀ?"

"ಕಿವಿಗೇನಾಗಿದೆ? ಚೆನ್ನಾಗಿದೆ."

"ಮತ್ತೆ ಊಟ ಆರಿಹೋಗ್ತಿದೆ."

"ಇನ್ನೂ ಗಂಟೆ ಹೊಡೀಲಿಲ್ವಲ್ಲ," ಎಂದ ಎನಾಕ್, ಆಡಿದ ಮಾತು ತನಗೇ ಕೇಳಿಸಿದವನಂತೆ ಸ್ವಲ್ಪ ನಾಚಿ. ಆದರೂ ಏಳಲಿಲ್ಲ.

ಸೊಸೆ ಯೂಲಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಕಂಬದ ಮೇಲೊಂದು ಹಳೆಯ ಗಂಟೆ ಇತ್ತು. ಯಾವುದೋ ದೊಡ್ಡ ತೋಟ ಹರಾಜಾದಾಗ ಮಗ ಲೂಥರ್ ತಂದು ನಿಲ್ಲಿಸಿದ್ದು. ಬೆಂಕಿ ಬಿದ್ದರೆ ಬಾರಿಸಲಿಕ್ಕೆಂದು ಇಟ್ಟಿದ್ದು. ಯೂಲಾ ಹಗ್ಗ ಹಿಡಿದು ಬಿಗಿಯಾಗಿ ಎಳೆದಳು.

ಎನಾಕ್ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ನೆಟ್ಟಗೆ ನಡೆದು ಊಟದ ಮೇಜಿಗೆ ಬಂದು ಕುರ್ಚಿಯ ಹಿಂದೆ ನಿಂತ.

"ಕೂತ್ಕೊಳ್ಳಿ ಮಾವ."

"ಪ್ರಾರ್ಥನೆ ಆಗ್ಲಿ. ಅಲ್ಲೀವರ್ಗೂ ಯಾರೂ ಕೂರೋ ಹಾಗಿಲ್ಲ."

ಲೂಥರ್ ಬಿದ್ದು ಬಿದ್ದು ನಕ್ಕ. "ಅಪ್ಪಾ, ನಿನ್ನ ಹೇಸರಗತ್ತೆಗೂ ಇಷ್ಟು ಶಿಸ್ತು ಕಲಿಸೋಕಾಗ್ಲಿಲ್ಲ ನಂಗೆ. ಯಾರಪ್ಪಾ ನಿಂಗೆ ಕಲಿಸಿದೋರು?"

"ನಲವತ್ತು ವರ್ಷ ಅತ್ತೆ ಕೈಲಿ ಆಗ್ದಿದ್ದು ಎರಡು ವರ್ಷದಲ್ಲಿ ಸರ್ಕಾರ ಮಾಡ್ಬಿಡ್ತು ನೋಡಿ," ಎಂದಳು ಯೂಲಾ.

ಡ್ರೂಸಿಲಾ ಮಾತ್ರ ನಗಲಿಲ್ಲ. ಅಲಸಂದೆಯನ್ನು ಮತ್ತೆ ಬಿಸಿಗಿಟ್ಟಳು.

*

ರಜೆ ಒಂದು ತಿಂಗಳಿತ್ತು. ಅಷ್ಟರೊಳಗೆ ಅವನನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕೆಂದು ಡ್ರೂಸಿಲಾ ನಿಶ್ಚಯಿಸಿದ್ದಳು. ಉಪಾಯ ಅವಳಿಗೆ ಗೊತ್ತಿದ್ದದ್ದು ಒಂದೇ: ಅಡುಗೆ. ಗೆಣಸಿನ ಸಿಹಿ ಮಾಡಿದಳು. ಮೊಟ್ಟೆ ಮಾರುವುದನ್ನು ಬಿಟ್ಟು ಅವನಿಗೇ ಬೇಯಿಸಿದಳು. ಬಿಸಿ ಬನ್ನಿಗೆ ಜೋನಿಬೆಲ್ಲ ಸುರಿದು ಮುಂದಿಟ್ಟಳು. ಎನಾಕ್ ಎಲ್ಲವನ್ನೂ ತಿಂದ. ತಿಂದು, ನಿಲಯದಲ್ಲಿ ಬನ್ ಇಷ್ಟು ಚೆನ್ನಾಗಿರೋಲ್ಲ ಎಂದೂ ಒಪ್ಪಿಕೊಂಡ. ಆಮೇಲೆ ಜಗುಲಿಗೆ ಹೋಗಿ, ನಿಲಯದ ಹಾಗೆ ಡಾಮಿನೋ ಬಿಲ್ಲೆ ಆಡುವವರಿಲ್ಲದ್ದನ್ನು ಕಂಡು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ.

ಅವನಲ್ಲೊಂದು ಕಥೆಯಿತ್ತು. ಹದಿನೆಂಟರ ಹುಡುಗನಾಗಿದ್ದಾಗ, ತುಂಬಿ ಹರಿಯುವ ಹೊಳೆಯನ್ನು ಹೇಸರಗತ್ತೆಯ ಬಾಲ ಹಿಡಿದು ದಾಟಿದ ಕಥೆ. ಎರಡನೆಯ ವಾರ ರಾತ್ರಿಯೂಟಕ್ಕೆ ಅದನ್ನು ತೆಗೆದ.

"ಆ ವರ್ಷ ಹೊಳೆ ಎಂಥಾ ತುಂಬಿತ್ತು ಅಂತೀರಿ..."

"ಹೇಸರಗತ್ತೆ ಬಾಲ ಹಿಡ್ಕೊಂಡೆ," ಎಂದ ಲೂಥರ್, ಬಾಯ್ತುಂಬ ರೊಟ್ಟಿ.

"ಬೂಟು ಕೊಚ್ಕೊಂಡು ಹೋಯ್ತು," ಎಂದಳು ಯೂಲಾ. "ಮಜ್ಜಿಗೆ ಇನ್ನೊಂದು ಲೋಟ ಬೇಕಾ ಮಾವ?"

ಎನಾಕ್ ಬೇಡವೆಂದ.

ಯೂಲಾ ಕೆಟ್ಟವಳಲ್ಲ. ಎರಡು ಕೋಣೆಯ ಮನೆಯಲ್ಲಿ ಎರಡು ಕೂಸು, ಗಂಡ, ಅತ್ತೆ. ಮಾವನ ಮಂಚ ಇದ್ದಲ್ಲಿ ಈಗ ತೊಟ್ಟಿಲು. ಅವಳ ಜಗಳವೂ ಮುಚ್ಚುಮರೆಯದ್ದಲ್ಲ. ಪಾತ್ರೆ ತೊಳೆಯುತ್ತ ಆಡುವಂಥದ್ದು.

"ಅತ್ತೆ, ನಿಮ್ಮ ಮನಸ್ಸಲ್ಲಿರೋದು ನಂಗೆ ಗೊತ್ತಾಗುತ್ತೆ. ಇರ್ಲಿ ಅಂದ್ರೆ ಇರ್ಲಿ. ತೊಟ್ಟಿಲು ಎಲ್ಲಿಡೋದು ಅದನ್ನ ಹೇಳಿ."

"ನನ್ನ ತಲೆ ಮೇಲಿಡು."

"ನೋಡಿ, ಇದಕ್ಕೇ ನಾನು ಮಾತಾಡಲ್ಲ."

"ಮಾತಾಡಲ್ಲ ಅಂತ ದಿನಾ ಹೇಳ್ತೀಯಲ್ಲ, ಅದು ಮಾತಲ್ವಾ?"

ಲೂಥರ್‌ಗೆ ಅಪ್ಪ ಉಳಿದರೂ ಅಡ್ಡಿಯಿರಲಿಲ್ಲ; ಉಳಿದರೆ ಪಿಂಚಣಿ ಮತ್ತೆ ಬರುತ್ತದೆ, ಹೊಸ ನೇಗಿಲಿಗಾಗುತ್ತದೆ. ಹಾಗೆಂದು ಬಾಯಿಬಿಟ್ಟೂ ಹೇಳಿದ. ಹೆಂಡತಿ ಅವನನ್ನು ಒಮ್ಮೆ ನೋಡಿದಳು. ಅವನು ಹತ್ತಿ ನೋಡಿಬರುತ್ತೇನೆಂದು ಎದ್ದುಹೋದ.

ಪಕ್ಕದ ಹೊಲದ ಟ್ಯಾಬಿತಾ ಕ್ರೌಚ್ ಸಂಜೆಗೆ ಬರುವಳು. ಅವಳ ಗಂಡ ಸತ್ತು ಆರು ವರ್ಷ. ಸಿಪಾಯಿಯ ವಿಧವೆಗೆ ಬರುವ ಪಿಂಚಣಿಯಲ್ಲಿ ಅವಳು ಮಾಡಿಗೆ ತಗಡು ಹೊದಿಸಿ, ತನಗೊಂದು ಟೋಪಿಯನ್ನೂ ಕೊಂಡಿದ್ದಳು.

"ನೋಡೇ ಡ್ರೂಸಿಲಾ," ಎಂದಳು ಮೂಗಿಗೆ ನಶ್ಯ ಏರಿಸುತ್ತ, "ಗಂಡ ಸತ್ರೆ ಸರ್ಕಾರ ಹೆಂಡ್ತೀನ ನೋಡ್ಕೊಳ್ಳುತ್ತೆ. ಬದುಕಿದ್ರೆ ಗಂಡನ್ನ ಮಾತ್ರ ನೋಡ್ಕೊಳ್ಳುತ್ತೆ. ನಿನ್ನವನು ಎರಡೂ ಕಡೆ ಸಲ್ಲದ ಹಾಗೆ ಮಾಡಿಟ್ಟಿದ್ದಾನೆ."

"ಅವರು ನೂರು ವರ್ಷ ಇರ್ಲಿ."

"ಇರ್ಲಿ ಬಿಡು, ಯಾರು ಬೇಡ ಅಂದ್ರು. ನಾನು ಟೋಪಿ ವಿಷಯ ಹೇಳ್ದೆ ಅಷ್ಟೇ."

ಊಟದ ವಿಷಯದಲ್ಲಿ ಡ್ರೂಸಿಲಾ ಸೋಲೊಪ್ಪಲಿಲ್ಲ. ಪ್ರತಿ ಸಂಜೆ ಒಲೆಯಿಂದ, ಬಾಗಿಲಿನಿಂದ, ಜಗುಲಿಯಿಂದ ಕರೆಯುವಳು. ಎನಾಕ್ "ಹೂಂ" ಎನ್ನುವನು, ಏಳಬೇಕೆಂದು ಕಾಲನ್ನೂ ಎಳೆದುಕೊಳ್ಳುವನು, ಅದೇನೋ ಏಳಲಾಗುತ್ತಿರಲಿಲ್ಲ. ಕೊನೆಗೆ ಯೂಲಾ ನಿಟ್ಟುಸಿರು ಬಿಟ್ಟು ಹಿತ್ತಲಿಗೆ ಹೋಗುವಳು. ಗಂಟೆಯಾದೊಡನೆ ಮುದುಕ ಕುರ್ಚಿಯ ಹಿಂದೆ ಹಾಜರು.

*

ಮೂರನೆಯ ವಾರ, ಮಧ್ಯಾಹ್ನದ ಹೊತ್ತು, ಇಬ್ಬರೇ ಜಗುಲಿಯಲ್ಲಿದ್ದರು. ಡ್ರೂಸಿಲಾ ಮಡಿಲಲ್ಲಿ ಅಲಸಂದೆ ಹಾಕಿಕೊಂಡು ಸುಲಿಯುತ್ತಿದ್ದಳು.

"ಇಲ್ಲೇ ಇದ್ಬಿಡ್ರೀ," ಎಂದಳು, ಕಾಯಿಯಿಂದ ಕಣ್ಣೆತ್ತದೆ.

ಎನಾಕ್ ತೂಗುಕುರ್ಚಿಯನ್ನು ಕಾಲಿನಿಂದ ತಡೆದು ನಿಲ್ಲಿಸಿದ. "ಅಲ್ಲಿ ಪೀಬಲ್ಸ್ ಅಂತ ಒಬ್ಬ ಇದ್ದಾನೆ. ಒಂದೇ ಕೈ. ಹೊಳೆ ದಾಟಿದ್ದು ಹೇಳು ಅಂತ ಅವನೇ ಕೇಳ್ತಾನೆ. ಅವನೂ ಹೇಳ್ತಾನೆ, ಅವನದು ಬೇರೆ ಹೊಳೆ. ಇಲ್ಲಿ ನಾನು ಯಾರಿಗೆ ಹೇಳ್ಲಿ?"

"ನಂಗೆ ಹೇಳಿ."

"ನಿಂಗೆ ಹೇಳಿ ಆಗಿದೆ, ಡ್ರೂ."

ಅದನ್ನವನು ಚುಚ್ಚಲೆಂದು ಹೇಳಲಿಲ್ಲ. ಉಪ್ಪು ಮುಗಿದಿದೆ ಎನ್ನುವಂತೆ ಹೇಳಿದ. ಡ್ರೂಸಿಲಾ ಸುಲಿದ ಕಾಳಿಗೇ ಸಿಪ್ಪೆ ಹಾಕಿದ್ದನ್ನು ಕಂಡು, ಬೇರೆ ಮಾಡತೊಡಗಿದಳು.

"ಹಾಗಾದ್ರೆ ನಾನೂ ಬರ್ತೀನಿ."

"ಎಲ್ಲಿಗೆ? ಅಲ್ಲಿ ಹೆಂಗಸರಿಗೆ ಜಾಗ ಇಲ್ಲ. ಇದ್ರೆ ಕೆಲಸದವರು. ಬಟ್ಟೆ ಹೊಲಿಯೋಕೆ ಒಬ್ಬಳಿದ್ದಳು, ಮೊನ್ನೆ ಮದುವೆ ಆಗಿ ಹೋದ್ಲು. ಈಗ ನಮ್ಮ ಕಾಲುಚೀಲಕ್ಕೆಲ್ಲಾ ತೂತು."

ಹೇಳಿ ಅವನು ತೂಕಡಿಸಿದ. ಡ್ರೂಸಿಲಾ ತೂಕಡಿಸಲಿಲ್ಲ.

ರಾತ್ರಿಯೂಟಕ್ಕೆ, ಪ್ರಾರ್ಥನೆಯಾಗಿ ಎಲ್ಲರೂ ಕೂತ ಮೇಲೆ, ಅವಳು ನಿಲಯದಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವುದಾಗಿ ಹೇಳಿದಳು. ಯೂಲಾಳ ಕೈಯ ಚಮಚ ತಟ್ಟೆಗೆ ಬಿತ್ತು.

"ಕೂಲಿಗಾ? ಅತ್ತೆ, ಅಲ್ಲಿ ಅಡುಗೆಮನೇಲಿರೋರೆಲ್ಲ ಕರಿಯ ಹೆಂಗಸರು! ಅವರ ಜೊತೆ ನೀವು?"

"ಅಮ್ಮಾ, ನಾನು ಚರ್ಚಿಗೆ ಹೋಗಿ ಮುಖ ತೋರಿಸ್ಬೇಕು," ಎಂದ ಲೂಥರ್. "ನನ್ನ ತಾಯಿ ಕೂಲಿ ಮಾಡ್ತಾಳೆ ಅಂದ್ರೆ ಜನ ಏನಂತಾರೆ?"

"ನಿಮ್ಮಪ್ಪ ಎರಡು ವರ್ಷದಿಂದ ಸರ್ಕಾರದ ಅನ್ನ ತಿಂತಿದ್ದಾರೆ. ಆಗೇನು ಮುಖಕ್ಕೆ ಮುಸುಕು ಹಾಕ್ಕೊಂಡು ಹೋದ್ಯಾ?"

"ಅದು ಮರ್ಯಾದೆ ಅಮ್ಮ. ಅವನು ಸಿಪಾಯಿ."

"ಸರಿ. ಅವರದು ಮರ್ಯಾದೆ, ಟ್ಯಾಬಿತಾದು ಪಿಂಚಣಿ. ನಂದು ಕೂಲಿ. ಬೆಂಡೆಕಾಯಿ ಈ ಕಡೆ ಕೊಡು."

"ನೀವಾದ್ರೂ ಹೇಳಿ ಮಾವ," ಎಂದಳು ಯೂಲಾ.

ಎನಾಕ್ ಹೆಂಡತಿಯನ್ನು ನೋಡಿದ. "ಕಾಲುಚೀಲ ನಿಜವಾಗ್ಲೂ ತೂತಾಗಿವೆ," ಎಂದ.

*

ಸೂಪರಿಂಟೆಂಡೆಂಟ್ ಸಭ್ಯ ಮನುಷ್ಯ. ನಿಲಯದ ಯೋಧನ ಹೆಂಡತಿ ಕೆಲಸ ಕೇಳಿದ್ದು ಇದೇ ಮೊದಲೆಂದು ತಲೆ ಕೆರೆದುಕೊಂಡ. ಬೇಡವೆನ್ನುವ ನಿಯಮ ಇರಲಿಲ್ಲ. ಇದ್ದ ನಿಯಮ ಬೇರೆ: ಕೆಲಸದವರು ಯೋಧರೊಡನೆ ಕೂತು ಮಾತಾಡುವ ಹಾಗಿಲ್ಲ. ಭಾನುವಾರ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ, ಹೊರಗಿನಿಂದ ಬಂದ ನಂಟರ ಹಾಗೆ, ಭೇಟಿಯಾಗಬಹುದು.

"ಇನ್ನೊಂದು, ಮಿಸೆಸ್ ಪ್ರಾಥರ್. ಊಟದ ಗಂಟೆ ಹೊಡೆಯೋದೂ ನಿಮ್ಮ ಕೆಲಸಕ್ಕೆ ಸೇರುತ್ತೆ. ಕಷ್ಟ ಆಗುತ್ತಾ?"

"ಇಲ್ಲ," ಎಂದಳು ಡ್ರೂಸಿಲಾ. ಅವಳ ಮುಖವನ್ನು ಆಗ ನೋಡಿದ್ದರೆ, ಯಾರೋ ಅವಳಿಗೇ ಪಿಂಚಣಿ ಮಂಜೂರು ಮಾಡಿದರೆನ್ನಬೇಕು.

ಗಂಟೆ ಊಟದ ಹಜಾರದ ಹಿಂದಿನ ಮೊಗಸಾಲೆಯಲ್ಲಿತ್ತು. ಮೊದಲ ದಿನ ಹಗ್ಗ ಹಿಡಿದು ಎಳೆದಳು. ಮರದ ಮೆಟ್ಟಿಲುಗಳ ಮೇಲೆ ಊರುಗೋಲುಗಳ ಸದ್ದು, ಕೆಮ್ಮು, ಗೊಣಗಾಟ. ಬೂದು ಕೋಟುಗಳು ಸಾಲುಸಾಲಾಗಿ ಬಂದು ಕುರ್ಚಿಗಳ ಹಿಂದೆ ನಿಂತವು. ಮೂರನೆಯ ಮೇಜಿನಲ್ಲಿ ಎನಾಕ್. ಮೊದಲ ಗಂಟೆಗೇ! ಅವಳು ಬಾಗಿಲಿನಿಂದ ನೋಡಿ ನಕ್ಕಳು. ಅವನೂ ತಲೆಯಾಡಿಸಿದ. ಎದುರಿನಿಂದ ಪೀಬಲ್ಸ್ ಅವನತ್ತ ಬಾಗಿ ಏನೋ ಅಂದ.

ಆಮೇಲೆ ಅವಳ ಊಟ. ಯೋಧರೊಡನೆ ಉಣ್ಣುವಂತಿಲ್ಲ, ಅವಳು ಕೆಲಸದವಳು. ಅಡುಗೆಮನೆಯಲ್ಲಿ ಉಣ್ಣುವಂತಿಲ್ಲ, ಅವಳು ಬಿಳಿಯಳು. ಆದ್ದರಿಂದ ಅಡುಗೆಮನೆಯ ಕರಿಯ ಹೆಂಗಸು ಡೆಲ್ಫಿ ತಟ್ಟೆಯನ್ನು ಮಹಡಿಯ ಬಟ್ಟೆ ಕೋಣೆಗೆ ತಂದುಕೊಟ್ಟಳು. ಮಡಚಿಟ್ಟ ಹೊದಿಕೆಗಳ ನಡುವೆ, ಸೋಡದ ವಾಸನೆಯಲ್ಲಿ, ಡ್ರೂಸಿಲಾ ಒಬ್ಬಳೇ ಉಂಡಳು. ಕೆಳಗೆ ಇಡೀ ಹಜಾರದ ಚಮಚಗಳ ಸದ್ದು. ಅದರಲ್ಲಿ ಒಂದು ಚಮಚ ಅವಳ ಗಂಡನದು.

ಭಾನುವಾರ ಒಳ್ಳೆಯ ಅಂಗಿ ತೊಟ್ಟು ಮುಂದಿನ ಕೋಣೆಯಲ್ಲಿ ಕೂತಳು. ಗೋಡೆಯ ಮೇಲೆ ಸತ್ತ ಸೇನಾಪತಿಗಳು ಗಡ್ಡ ಬಿಟ್ಟುಕೊಂಡು ನೋಡುತ್ತಿದ್ದರು. ಬೇರೆಯವರ ಹೆಣ್ಣುಮಕ್ಕಳು ಬಂದರು, ಮಾತಾಡಿದರು, ಹೋದರು. ಎನಾಕ್ ಬರಲಿಲ್ಲ.

ಮರುದಿನ ರೊಟ್ಟಿಯ ಬುಟ್ಟಿ ಹಿಡಿದು ಮೇಜಿನ ಬಳಿ ಹೋದಾಗ ತಗ್ಗಿದ ದನಿಯಲ್ಲಿ ಕೇಳಿದಳು. "ನಿನ್ನೆ ಯಾಕೆ ಬರ್ಲಿಲ್ಲ?"

"ಎಲ್ಲಿಗೆ?"

"ಭೇಟಿಗೆ. ನಾನು ಕಾಯ್ತಿದ್ದೆ."

"ಅಯ್ಯೋ," ಎಂದ ಎನಾಕ್, ನಿಜವಾಗಿ ನೊಂದು. "ಗೊತ್ತೇ ಆಗ್ಲಿಲ್ಲ ಕಣೆ. ಮುಂದಿನ ವಾರ ಖಂಡಿತ."

ಮುಂದಿನ ಶನಿವಾರ ಅವಳು ಅವನಿಗೂ ಹೇಳಿದಳು, ಪೀಬಲ್ಸನಿಗೂ ಹೇಳಿದಳು. "ನೆನಪು ಮಾಡ್ತೀನಿ ಅಕ್ಕಾ," ಎಂದು ಪೀಬಲ್ಸ್ ಇದ್ದೊಂದು ಕೈಯನ್ನು ಎದೆಯ ಮೇಲಿಟ್ಟು ಮಾತು ಕೊಟ್ಟ. ಭಾನುವಾರ ಅವಳು ಕೂತಳು. ಹೊತ್ತು ಮುಗಿದ ಮೇಲೆ ಮೆಟ್ಟಿಲೇರುವಾಗ, ಹಿಂದಿನ ಮೊಗಸಾಲೆಯಲ್ಲಿ ಇಬ್ಬರೂ ಡಾಮಿನೋ ಹರಡಿಕೊಂಡು, ಎದುರುಬದುರಾಗಿ, ಬಾಯಿ ತೆರೆದು ನಿದ್ದೆ ಹೋಗಿರುವುದು ಕಂಡಿತು. ಎಬ್ಬಿಸಲು ಕೈ ಚಾಚಿದಳು. ಅಷ್ಟರಲ್ಲಿ ನಿಲಯದ ಮೇಲ್ವಿಚಾರಕಿ ಮೇಟ್ರನ್ ಆ ಕಡೆ ಬಂದದ್ದು ಕಂಡು ಕೈ ಹಿಂದಕ್ಕೆಳೆದುಕೊಂಡಳು.

ಆ ವಾರ ಡೆಲ್ಫಿ ತಟ್ಟೆ ತಂದವಳು ಬಾಗಿಲಲ್ಲೇ ನಿಂತಳು.

"ಯಜಮಾನ್ರು ಬರ್ಲಿಲ್ವಂತೆ, ಅಮ್ಮಾವ್ರೇ."

"ನಿಂಗ್ಯಾರು ಹೇಳಿದ್ದು?"

"ಅಡುಗೆಮನೆಗೆ ಯಾರೂ ಹೇಳ್ಬೇಕಾಗಿಲ್ಲ." ಡೆಲ್ಫಿ ಹೊದಿಕೆಯೊಂದರ ಮಡಿಕೆ ಸರಿಪಡಿಸಿದಳು. "ನಮ್ಮಮ್ಮಂಗೂ ಹೀಗೇ. ತೋಟದ ಗಂಟೆ ಇತ್ತಲ್ಲ, ಬೆಳಕು ಹರಿಯೋ ಮುಂಚೆ ಹೊಡೀತಿದ್ರು, ನಮ್ಮೋರನ್ನ ಹೊಲಕ್ಕೆ ಅಟ್ಟೋಕೆ. ಗುಲಾಮಗಿರಿಯಿಂದ ಬಿಡುಗಡೆ ಆಯ್ತು, ಗಂಟೆ ಹೋಯ್ತು. ಅವಳು ಸಾಯೋವರ್ಗೂ ಅದೇ ಹೊತ್ತಿಗೆ ಎದ್ದು ಕೂತ್ಕೋತಿದ್ಲು. ಮಲಗಮ್ಮ ಅಂದ್ರೆ, ಇನ್ನೂ ಹೊಡೀಲಿಲ್ವಲ್ಲ ಅನ್ನೋಳು."

ಡ್ರೂಸಿಲಾ ಹಿತ್ತಲ ಕಂಬದ ಗಂಟೆಯನ್ನು ನೆನೆದಳು. ಯಾವ ತೋಟದ್ದೆಂದು ಲೂಥರನನ್ನು ಎಂದೂ ಕೇಳಿರಲಿಲ್ಲ. ಡೆಲ್ಫಿಗೆ ಏನಾದರೂ ಹೇಳಬೇಕೆನಿಸಿತು. "ಕೂತ್ಕೋ" ಎನ್ನುವುದು ನಾಲಗೆಯ ತುದಿಗೆ ಬಂದು, ಅಲ್ಲಿಂದ ಈಚೆ ಬರಲಿಲ್ಲ.

"ತಟ್ಟೆ ಆಮೇಲೆ ಒಯ್ತೀನಿ," ಎಂದು ಡೆಲ್ಫಿ ಹೊರಟಳು.

*

ಮೂರನೆಯ ಭಾನುವಾರ ಡ್ರೂಸಿಲಾ ಮುಂದಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತಳು. ಇನ್ನೊಬ್ಬ ಮುದುಕನ ಮೊಮ್ಮಗಳು ಕೇಕ್ ತಂದಿದ್ದಳು; ಒಂದು ತುಂಡು ಅವಳಿಗೂ ಕೊಟ್ಟು, "ನಿಮ್ಮವರು ತೀರಿಕೊಂಡು ಎಷ್ಟು ದಿನ ಆಯ್ತಜ್ಜಿ?" ಎಂದಳು.

ಡ್ರೂಸಿಲಾ ಕೇಕನ್ನು ಕಿಟಕಿಯ ಮೇಲಿಟ್ಟಳು. ಎದ್ದು ಹಜಾರ ದಾಟಿ ಹಿಂದಿನ ಮೊಗಸಾಲೆಗೆ ಹೋದಳು. ಹಗ್ಗ ಹಿಡಿದು ಎಳೆದಳು. ಮತ್ತೆ ಎಳೆದಳು. ಇನ್ನೊಮ್ಮೆ.

ಇಡೀ ನಿಲಯ ಎದ್ದಿತು. ನಿದ್ದೆಯಿಂದ, ಡಾಮಿನೋದಿಂದ, ಬೈಬಲ್ಲಿನಿಂದ. ಒಬ್ಬನ ಕಾಲಿಗೆ ಬೂಟಿಲ್ಲ, ಒಬ್ಬ ಹಲ್ಲಿನ ಸೆಟ್ಟನ್ನು ಬಾಯಿಗೆ ತುರುಕುತ್ತ ಬಂದ. ಮರದ ಮೆಟ್ಟಿಲು ಗುಡುಗಿತು. ಎರಡು ತಾಸಿನ ಹಿಂದಷ್ಟೇ ಕೋಳಿ ಉಂಡವರು, ಯಾರೂ ಏನೂ ಕೇಳದೆ, ಖಾಲಿ ಮೇಜುಗಳ ಸುತ್ತ ತಂತಮ್ಮ ಕುರ್ಚಿಯ ಹಿಂದೆ ನಿಂತರು. ಅಡುಗೆಮನೆಯ ಬಾಗಿಲಲ್ಲಿ ಡೆಲ್ಫಿ ಕಂಡಳು, ನೋಡಿದಳು, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡಳು.

ಮೂರನೆಯ ಮೇಜಿಗೆ ಎನಾಕ್ ಬಂದು ನಿಂತ, ಗುಂಡಿ ಹಾಕಿಕೊಳ್ಳುತ್ತ.

ಡ್ರೂಸಿಲಾ ಮೇಜುಗಳ ನಡುವೆ ನಡೆದುಬಂದಳು. ಅವನೆದುರಿನ ಕುರ್ಚಿ ಪೀಬಲ್ಸನದು. ಅವಳು ಅದರ ಬಳಿ ನಿಂತದ್ದನ್ನು ಕಂಡು ಅವನು ಪಕ್ಕಕ್ಕೆ ಸರಿದ.

"ಡ್ರೂ," ಎಂದ ಎನಾಕ್. "ಇನ್ನೂ ಹೊತ್ತಾಗಿಲ್ಲ ಅಲ್ವಾ?"

"ಆಗಿದೆ ಕಣ್ರೀ."

ಹಜಾರದಲ್ಲಿ ಯಾರೋ ಕೆಮ್ಮಿದರು. ಇಷ್ಟು ಜನ ಗಂಡಸರು ತನ್ನ ಮುಖ ನೋಡುತ್ತಿರುವುದು ಅವಳಿಗೆ ಆಗ ತಿಳಿಯಿತು.

"ಕೂತ್ಕೋಬಹುದಾ, ಅಕ್ಕಾ?" ಎಂದ ಪೀಬಲ್ಸ್.

"ಕೂತ್ಕೊಳ್ಳಿ," ಎಂದಳು. ಅಷ್ಟೂ ಕುರ್ಚಿಗಳು ಒಟ್ಟಿಗೆ ನೆಲಕ್ಕೆ ಉಜ್ಜಿದವು.

ಅವಳೂ ಕೂತಳು. ಎನಾಕ್ ಖಾಲಿ ಮೇಜನ್ನು ನೋಡಿದ, ಅಡುಗೆಮನೆಯ ಕಡೆ ನೋಡಿದ. "ಊಟ?"

"ಊಟ ಇಲ್ಲ. ಮಾತಾಡಿ."

"ಏನ್ ಮಾತಾಡ್ಲಿ?"

"ಹೊಳೆ ಕಥೆ."

"ಅದು ನಿಂಗೆ..."

"ಹೇಳಿ ಆಗಿದೆ, ಗೊತ್ತು. ಹೇಳಿ."

ಎನಾಕ್ ಸುತ್ತ ನೋಡಿದ. ಗಂಟಲು ಸರಿಮಾಡಿಕೊಂಡ. "ಆ ವರ್ಷ ಹೊಳೆ," ಎಂದ, "ಎಂಥಾ ತುಂಬಿತ್ತು ಅಂತೀಯಾ..."

ಹೊರಗೆ ಮೊಗಸಾಲೆಯ ಕಡೆಯಿಂದ ಸೂಪರಿಂಟೆಂಡೆಂಟನ ಬೂಟಿನ ಸದ್ದು ಬರುತ್ತಿತ್ತು, ಬೇಗಬೇಗ. ಈ ಕೆಲಸ ಇನ್ನೆಷ್ಟು ಹೊತ್ತು ತನ್ನದೆಂದು ಡ್ರೂಸಿಲಾಳಿಗೆ ತಿಳಿದಿತ್ತು. ಅವಳು ಮೊಣಕೈಗಳನ್ನು ಮೇಜಿನ ಮೇಲೂರಿ, ಮುಂದಕ್ಕೆ ಬಾಗಿದಳು.

"ತಡೀರಿ," ಎಂದಳು, "ಆ ಹೇಸರಗತ್ತೆ ಯಾವ ಬಣ್ಣದ್ದು?"